ಹಡಗು ಹತ್ತಿದವರಿಗೆ ಕಂಚು, ಫೆರಿ ಹತ್ತಿದವರಿಗೆ?

ಡಬ್ಲಿನ್ನಿನ ಲಿಫಿ ನದಿಯ ಉತ್ತರ ದಂಡೆಯಲ್ಲಿ, ಕಸ್ಟಮ್ ಹೌಸ್ ಧಕ್ಕೆಯ ಮೇಲೆ, ಒಂದು ಹಿಂಡು ಜನ 1997ರಿಂದ ನಡೆಯುತ್ತಲೇ ಇದ್ದಾರೆ. ಮೈಯಲ್ಲಿ ಎಲುಬು, ಎಲುಬಿನ ಮೇಲೆ ಚಿಂದಿ, ಅಷ್ಟೇ. ಒಬ್ಬ ಗಂಡಸು ಸೋತ ಮಗುವನ್ನು ಹೆಗಲಿನ ಮೇಲೆ ಅಡ್ಡ ಹಾಕಿಕೊಂಡಿದ್ದಾನೆ. ಒಬ್ಬ ಹೆಂಗಸು ಗಂಟೊಂದನ್ನು ಎದೆಗೆ ಅವಚಿಕೊಂಡಿದ್ದಾಳೆ. ಹಿಂದೆ ಒಂದು ಬಡಕಲು ನಾಯಿ. ಅದು ಒಡೆಯನ ಜೊತೆ ಹೊರಟಿದೆಯೋ, ಯಾರಾದರೂ ಬೀಳಲಿ ಎಂದು ಕಾಯುತ್ತಿದೆಯೋ, ನೋಡಿದವರೇ ತೀರ್ಮಾನಿಸಬೇಕು. ಶಿಲ್ಪಿ ರೋವನ್ ಗಿಲೆಸ್ಪಿ ಈ ಕಂಚಿನ ಆಕೃತಿಗಳಿಗೆ ಎತ್ತರದ ಪೀಠ ಕಟ್ಟಲಿಲ್ಲ; ಜನ ಓಡಾಡುವ ನೆಲದ ಮೇಲೆಯೇ ನಿಲ್ಲಿಸಿದರು. ಬೆಳಗಿನ ಹೊತ್ತು ಕಾಫಿ ಲೋಟ ಹಿಡಿದು ಅಕ್ಕಪಕ್ಕದ ಬ್ಯಾಂಕು, ವಿಮಾ ಕಚೇರಿಗಳಿಗೆ ಓಡುವವರು ಈ ಹಸಿದವರ ನಡುವೆಯೇ ನುಸುಳಿಕೊಂಡು ಹೋಗುತ್ತಾರೆ.

ಅಲ್ಲಿಂದ ಸ್ವಲ್ಪ ಮುಂದೆ ‘ಜೀನಿ ಜಾನ್‌ಸ್ಟನ್’ ಎಂಬ ಮೂರು ಕೂವೆಮರದ ಹಡಗು ಲಂಗರು ಹಾಕಿ ನಿಂತಿದೆ. 19ನೇ ಶತಮಾನದ ವಲಸೆ ಹಡಗೊಂದರ ಪ್ರತಿಕೃತಿ ಅದು. ಎದುರಿಗೇ, ಹಿಂದೆ ತಂಬಾಕಿನ ಉಗ್ರಾಣವಾಗಿದ್ದ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ, ‘ಎಪಿಕ್’ ಎಂಬ ಐರಿಷ್ ವಲಸೆಯ ಮ್ಯೂಸಿಯಂ. ಹಸಿವು, ಪಯಣ, ಹೋದವರು ಗಳಿಸಿದ ಹೆಸರು, ಮೂರನ್ನೂ ಅರ್ಧ ದಿನದಲ್ಲಿ ನೋಡಿ ಮುಗಿಸಬಹುದು. ಪ್ರವಾಸಿಗರು ಮಾಡುವುದೂ ಅದನ್ನೇ.

ಇದೇ ದಂಡೆಯಲ್ಲಿ ಇನ್ನೂ ಕೆಳಗೆ, ಸಮುದ್ರದ ಕಡೆಗೆ ಹೋದರೆ ನಾರ್ತ್ ವಾಲ್ ಸಿಗುತ್ತದೆ. 1950ರ ದಶಕದಲ್ಲಿ ಲಿವರ್‌ಪೂಲಿಗೆ ಹೋಗುವ ಹಡಗುಗಳು ಇಲ್ಲಿಂದ ಹೊರಡುತ್ತಿದ್ದವು. ಕೆಳಗಿನ ಅಂಕಣದಲ್ಲಿ ಕಸಾಯಿಖಾನೆಗೆ ಹೋಗುವ ದನ, ಮೇಲೆ ಕೂಲಿಗೆ ಹೋಗುವ ಜನ. ಆ ಜನರನ್ನು ಹುಡುಕಿಕೊಂಡು ಕ್ಯಾಮೆರಾ ಹಿಡಿದ ಪ್ರವಾಸಿಗರು ಯಾರೂ ಆ ಕಡೆ ಹೋಗುವುದಿಲ್ಲ. ಹೋದರೂ ನೋಡಲು ಗಿಲೆಸ್ಪಿಯ ಕಂಚಿನಂಥದ್ದು ಅಲ್ಲಿ ಏನೂ ಇಲ್ಲ.

ಐರ್ಲೆಂಡ್ ತನ್ನ ವಲಸೆಯನ್ನು ನೆನೆಯುವುದರಲ್ಲಿ ಹಿಂದೆ ಬಿದ್ದಿದೆ ಎಂದು ಇಂದು ಯಾರೂ ದೂರುವಂತಿಲ್ಲ. ಆದರೆ ಯಾವ ವಲಸೆಯನ್ನು ನೆನೆಯುತ್ತದೆ, ಯಾವುದನ್ನು ಮೆಲ್ಲಗೆ ದಾಟಿಕೊಂಡು ಹೋಗುತ್ತದೆ ಎಂಬುದನ್ನು ಕೇಳಲೇಬೇಕು.

ಮೊದಲು ಲೆಕ್ಕ. 1841ರ ಜನಗಣತಿಯಲ್ಲಿ ಐರ್ಲೆಂಡ್ ದ್ವೀಪದ ಜನಸಂಖ್ಯೆ 81 ಲಕ್ಷ ದಾಟಿತ್ತು. 1851ರಲ್ಲಿ ಸುಮಾರು 65 ಲಕ್ಷ. ಹಾಸನದ ಆಲೂಗೆಡ್ಡೆ ಬೆಳೆಗಾರರು ಅಂಗಮಾರಿ ಎಂದು ಕರೆದು ಇಂದಿಗೂ ಹೆದರುವ ಅದೇ ರೋಗ 1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ಬಿತ್ತು. ಮೂರು ಹೊತ್ತೂ ಆಲೂಗೆಡ್ಡೆಯನ್ನೇ ನಂಬಿದ್ದ ಬಡವರು ಸುಮಾರು 10 ಲಕ್ಷ ಮಂದಿ ಸತ್ತರು, ಇನ್ನೂ 10 ಲಕ್ಷಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಅದೇ ಹೊತ್ತಿಗೆ ದೇಶದಿಂದ ಧಾನ್ಯ, ದನ, ಬೆಣ್ಣೆ ಹೊರಗೆ ಹೋಗುತ್ತಲೇ ಇದ್ದವು. ಕ್ಷಾಮ ಮುಗಿದರೂ ಜನ ಹೋಗುವುದು ನಿಲ್ಲಲಿಲ್ಲ. ಇಡೀ ದ್ವೀಪದ ಜನಸಂಖ್ಯೆ 180 ವರ್ಷ ಕಳೆದರೂ 1841ರ ಅಂಕಿಯನ್ನು ಮುಟ್ಟಿಲ್ಲ.

ಇಷ್ಟು ದೊಡ್ಡ ಸಂಗತಿಗೆ ದೇಶದೊಳಗೆ ಬಹಳ ಕಾಲ ಸ್ಮಾರಕಗಳೇ ಇಲ್ಲವೆನ್ನುವಷ್ಟು ಕಡಿಮೆ ಇದ್ದವು. ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದಲ್ಲಿ ಎಡ್ವರ್ಡ್ ಡಿಲೇನಿ 1967ರಲ್ಲಿ ಮಾಡಿದ ಶಿಲ್ಪವೊಂದು ಅಪವಾದ. ಬದುಕಿ ಉಳಿದವರಿಗೆ ತಾವು ಹೇಗೆ ಉಳಿದೆವು ಎಂದು ಹೇಳಿಕೊಳ್ಳುವ ಮನಸ್ಸಿರಲಿಲ್ಲ. ಪಕ್ಕದ ಮನೆಯವನು ಊರು ಬಿಟ್ಟ ಮೇಲೆ ಅವನ ತುಂಡು ಹೊಲ ಯಾರ ಬೇಲಿಯೊಳಗೆ ಸೇರಿತು ಎಂಬ ಪ್ರಶ್ನೆ ಪ್ರತಿ ಊರಿನಲ್ಲೂ ಇತ್ತು. ಆಮೇಲೆ 1990ರ ದಶಕ ಬಂತು. ರಾಷ್ಟ್ರಾಧ್ಯಕ್ಷೆ ಮೇರಿ ರಾಬಿನ್ಸನ್ ತಮ್ಮ ಅಧಿಕೃತ ನಿವಾಸದ ಕಿಟಕಿಯಲ್ಲಿ ದೂರ ಹೋದವರಿಗಾಗಿ ಒಂದು ದೀಪ ಇಟ್ಟರು. ಕ್ಷಾಮಕ್ಕೆ 150 ವರ್ಷ ತುಂಬಿತು. ಅಷ್ಟೇ ಮುಖ್ಯವಾಗಿ, ದೇಶದ ಕೈಯಲ್ಲಿ ಮೊದಲ ಸಲ ದುಡ್ಡು ಓಡಾಡಿತು. ಐರ್ಲೆಂಡ್, ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಸ್ಮಾರಕಗಳು ಮಳೆಗಾಲದ ಅಣಬೆಯಂತೆ ಎದ್ದವು. ಇವುಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿ 2013ರಲ್ಲಿ ಪುಸ್ತಕ ತಂದ ಕಲಾ ಇತಿಹಾಸಕಾರ್ತಿ ಎಮಿಲಿ ಮಾರ್ಕ್ ಫಿಟ್ಜೆರಾಲ್ಡ್ ನೂರಕ್ಕೂ ಹೆಚ್ಚು ಸ್ಮಾರಕಗಳನ್ನು ಲೆಕ್ಕ ಹಾಕಿದ್ದಾರೆ.

ಎಲ್ಲವೂ ಒಳ್ಳೆಯವಲ್ಲ. ಬಾಸ್ಟನ್ ನಗರದಲ್ಲಿ 1998ರಲ್ಲಿ ನಿಲ್ಲಿಸಿದ ಜೋಡಿ ಶಿಲ್ಪದಲ್ಲಿ ಒಂದು ಕಡೆ ನೆಲಕ್ಕೆ ಕುಸಿದು ಕೈಚಾಚಿದ ಕುಟುಂಬ, ಇನ್ನೊಂದು ಕಡೆ ಮೈಕೈ ತುಂಬಿಕೊಂಡು ತಲೆಯೆತ್ತಿ ನಡೆಯುವ ಕುಟುಂಬ. ಟಾನಿಕ್ ಜಾಹೀರಾತಿನ ‘ಮೊದಲು’ ಮತ್ತು ‘ನಂತರ’ ಚಿತ್ರಗಳಿದ್ದಂತೆ. ಊರಿನವರೇ ಅದನ್ನು ಗೇಲಿ ಮಾಡಿದರು.

ಗಿಲೆಸ್ಪಿ ಮಾತ್ರ ಆ ಬಲೆಗೆ ಬೀಳಲಿಲ್ಲ. ಡಬ್ಲಿನ್ನಿನಿಂದ ಹೊರಟ ಅವರ ಕಂಚಿನ ಜನ 2007ರಲ್ಲಿ ಕೆನಡಾದ ಟೊರಾಂಟೊ ಮುಟ್ಟಿದರು, ಅಲ್ಲಿನ ಸರೋವರದ ದಂಡೆಯ ಐರ್ಲೆಂಡ್ ಪಾರ್ಕಿನಲ್ಲಿ. ಹೊರಟಾಗಿನಷ್ಟು ಮಂದಿ ಅಲ್ಲಿಲ್ಲ. ಐದೇ ಆಕೃತಿಗಳು. ಒಬ್ಬ ಕೈಯೆರಡನ್ನೂ ಮೇಲೆತ್ತಿದ್ದಾನೆ, ಒಬ್ಬ ಬಸುರಿ ಹೊಟ್ಟೆ ಹಿಡಿದು ನಿಂತಿದ್ದಾಳೆ, ಒಬ್ಬಳು ದಡ ಸೇರಿದ ಮೇಲೆ ನೆಲಕ್ಕೆ ಬಿದ್ದಿದ್ದಾಳೆ. 1847ರ ಒಂದೇ ಬೇಸಗೆಯಲ್ಲಿ, ಸುಮಾರು 20,000 ಜನರಿದ್ದ ಆ ಊರಿಗೆ 38,000ಕ್ಕೂ ಹೆಚ್ಚು ಐರಿಷ್ ವಲಸಿಗರು ಬಂದಿಳಿದರು. ಸಾವಿರಕ್ಕೂ ಹೆಚ್ಚು ಮಂದಿ ಜ್ವರದಲ್ಲಿ ಅಲ್ಲೇ ಸತ್ತರು. ಪತ್ತೆಯಾದವರ ಹೆಸರುಗಳನ್ನು ಕಿಲ್ಕೆನಿಯಿಂದ ತಂದ ಸುಣ್ಣಕಲ್ಲಿನ ಗೋಡೆಯ ಸಂದುಗಳಲ್ಲಿ ಕೊರೆದಿದ್ದಾರೆ. ಕತ್ತು ಬಗ್ಗಿಸಿ, ಸಂದಿನೊಳಗೆ ಇಣುಕಿದರೆ ಮಾತ್ರ ಕಾಣುತ್ತವೆ.

ಕೆನಡಾದ್ದೇ ಇನ್ನೊಂದು ಸ್ಮಾರಕ ಶಾಸನ ಓದಿ ರೂಢಿಯಿರುವ ಕನ್ನಡಿಗರಿಗೆ ಹೆಚ್ಚು ಹಿಡಿಸೀತು. ನಮ್ಮ ಹಳೆಯ ದಾನಶಾಸನಗಳಲ್ಲಿ ಎಷ್ಟೋ ಕಡೆ ರಾಜನ ಹೊಗಳಿಕೆ ಸಂಸ್ಕೃತದಲ್ಲಿ, ಹೊಲದ ಎಲ್ಲೆಕಟ್ಟು ಕನ್ನಡದಲ್ಲಿ ಇರುತ್ತದೆ. ಒಂದೇ ಕಲ್ಲು, ಓದುವವರಿಗೆ ತಕ್ಕಂತೆ ಬೇರೆ ಮಾತು. ಸೇಂಟ್ ಲಾರೆನ್ಸ್ ನದಿಯ ಗ್ರೋಸ್ ಈಲ್ ನಡುಗಡ್ಡೆಯಲ್ಲೂ ಹಾಗೆಯೇ. ಹಡಗಿನಲ್ಲಿ ಬಂದವರನ್ನು ತಡೆದು ರೋಗ ತಪಾಸಣೆ ಮಾಡುವ ಜಾಗ ಅದು. 1847ರಲ್ಲಿ 5,000ಕ್ಕೂ ಹೆಚ್ಚು ಜನರನ್ನು ಅಲ್ಲೇ ಹೂಳಲಾಯಿತು. 1909ರಲ್ಲಿ ಅಮೆರಿಕದ ಐರಿಷ್ ಕ್ಯಾಥೊಲಿಕ್ ಸಂಘವೊಂದು ಅಲ್ಲಿನ ಗುಡ್ಡದ ತುದಿಯಲ್ಲಿ 40 ಅಡಿಗೂ ಎತ್ತರದ ಕಲ್ಲಿನ ಶಿಲುಬೆ ನಿಲ್ಲಿಸಿ ಮೂರು ಭಾಷೆಗಳಲ್ಲಿ ಬರಹ ಕೆತ್ತಿಸಿತು. ಇಂಗ್ಲಿಷ್ ಬರಹ, ಧರ್ಮವನ್ನು ಉಳಿಸಿಕೊಳ್ಳಲು ಹಸಿವನ್ನೂ ಪರದೇಶವಾಸವನ್ನೂ ತಾಳಿ ಇಲ್ಲಿ ಪ್ರಾಣ ಬಿಟ್ಟವರ ಪುಣ್ಯಸ್ಮರಣೆಯ ಧಾಟಿಯಲ್ಲಿದೆ. ಐರಿಷ್ ಭಾಷೆಯ ಬರಹ ಓದಿದರೆ ಧಾಟಿಯೇ ಬೇರೆ. ಪರಕೀಯ ದಬ್ಬಾಳಿಕೆಗಾರರ ಕಾನೂನು ಮತ್ತು ವಂಚನೆಯ ಕ್ಷಾಮ ಇವರನ್ನು ಓಡಿಸಿತು ಎಂದು ಅದು ನೇರವಾಗಿ ಬೊಟ್ಟು ಮಾಡುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ನೆಲದಲ್ಲಿ, ಆಳುವವರಿಗೆ ಓದಲು ಬಾರದ ಭಾಷೆಯಲ್ಲಿ ಕೋಪವನ್ನು ಕಾಪಿಟ್ಟಿದ್ದರು.

1990ರ ದಶಕದಲ್ಲಿ ಕೆನಡಾ ಸರ್ಕಾರ ಇದೇ ನಡುಗಡ್ಡೆಯನ್ನು ‘ವಲಸಿಗರನ್ನು ಕೈಚಾಚಿ ಕರೆದ ದೇಶ’ ಎಂಬ ಧಾಟಿಯಲ್ಲಿ ಪ್ರವಾಸಿ ತಾಣ ಮಾಡಹೊರಟಿತು. ಸ್ಮಶಾನಕ್ಕೆ ಸ್ವಾಗತ ಕಮಾನು ಕಟ್ಟಬೇಡಿ ಎಂದು ಐರಿಷ್ ಮೂಲದವರು ತಿರುಗಿ ಬಿದ್ದರು. ಕೊನೆಗೆ ಆ ತಾಣದ ಹೆಸರಿನಲ್ಲೇ ‘ಐರಿಷ್ ಸ್ಮಾರಕ’ ಎಂಬ ಮಾತು ಸೇರಿತು.

ನ್ಯೂಯಾರ್ಕಿನ ಬ್ಯಾಟರಿ ಪಾರ್ಕ್ ಸಿಟಿಯಲ್ಲಿ, ಗಗನಚುಂಬಿಗಳ ಬುಡದಲ್ಲಿ, ಮೇಯೋ ಕೌಂಟಿಯಿಂದ ಬಿಚ್ಚಿ ತಂದ ಸೂರಿಲ್ಲದ ಕಲ್ಲು ಗುಡಿಸಲೊಂದಿದೆ. ಸುತ್ತ ಕಳೆ, ಹುಲ್ಲು, ಬಿತ್ತದೆ ಬಿಟ್ಟ ಆಲೂಗೆಡ್ಡೆ ಸಾಲು, ಐರ್ಲೆಂಡಿನ 32 ಕೌಂಟಿಗಳಿಂದ ತಂದ ಒಂದೊಂದು ಕಲ್ಲು. ಕಲಾವಿದ ಬ್ರಯನ್ ಟೋಲ್ 2002ರಲ್ಲಿ ಮುಗಿಸಿದ ಈ ಸ್ಮಾರಕದ ಅಳತೆಯಲ್ಲೇ ಒಂದು ಗುಟ್ಟಿದೆ. ಮೇಲಿನ ಹೊಲ ಕಾಲು ಎಕರೆ, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. 1847ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಿಲಿಯಂ ಗ್ರೆಗರಿ ಎಂಬ ಐರಿಷ್ ಜಮೀನ್ದಾರ ಸದಸ್ಯ ಒಂದು ತಿದ್ದುಪಡಿ ತಂದ. ಹತ್ತು ಗುಂಟೆಗಿಂತ ಹೆಚ್ಚು ನೆಲ ಹಿಡಿದವನಿಗೆ ಸರ್ಕಾರಿ ಗಂಜಿ ಇಲ್ಲ ಎಂಬುದು ಅದರ ಸಾರ. ಹೊಟ್ಟೆಗೆ ಬೇಕಾದರೆ ಹೊಲ ಬಿಡು, ಹೊಲ ಬೇಕಾದರೆ ಉಪವಾಸ ಬೀಳು. ಲಕ್ಷಗಟ್ಟಲೆ ಜನ ಹೊಲ ಬಿಟ್ಟರು. ಇದೇ ಗ್ರೆಗರಿ ಮುಂದೆ ಸಿಲೋನಿನ ಗವರ್ನರ್ ಆದ, ಕೊಲಂಬೊದಲ್ಲಿ ಮ್ಯೂಸಿಯಂ ಕಟ್ಟಿಸಿದ. ಆ ಮ್ಯೂಸಿಯಂ ಮುಂದೆ ಅವನ ಪ್ರತಿಮೆ ಇವತ್ತಿಗೂ ನಿಂತಿದೆ. ಓಡಿಸಿದವನಿಗೆ ಕೊಲಂಬೊದಲ್ಲಿ ಪೂರ್ಣ ಪ್ರತಿಮೆ, ಓಡಿದವರಿಗೆ ನ್ಯೂಯಾರ್ಕಿನಲ್ಲಿ ಸೂರಿಲ್ಲದ ಗುಡಿಸಲು.

ಐರ್ಲೆಂಡಿನೊಳಗೆ ಮ್ಯೂಸಿಯಂ ಎಂಬ ಹೆಸರಿಗೆ ಹೆಚ್ಚು ಯೋಗ್ಯವಾದದ್ದು ಡಬ್ಲಿನ್ನಿನಲ್ಲಿಲ್ಲ, ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿದೆ. ಅಲ್ಲಿನ ಜಮೀನ್ದಾರಿ ಬಂಗಲೆ ಮತ್ತು ಜಾಗವನ್ನು 1979ರಲ್ಲಿ ಊರಿನದೇ ಗ್ಯಾರೇಜು ಮಾಲೀಕರೊಬ್ಬರು ಕೊಂಡರು. ಉದ್ದೇಶ ಲಾರಿ ವ್ಯಾಪಾರಕ್ಕೆ ಜಾಗ ಮಾಡಿಕೊಳ್ಳುವುದು. ಬಂಗಲೆಯ ಹಳೆಯ ಕಾಗದಪತ್ರಗಳಲ್ಲಿ ಅವರ ಕೈಗೆ 1846ರ ಅರ್ಜಿಯೊಂದು ಸಿಕ್ಕಿತು. ಹಸಿದ ಗೇಣಿದಾರರು ಧಣಿಗೆ ಬರೆದ ಅರ್ಜಿ. ಅದನ್ನು ಓದಿದ ಮೇಲೆ ಅವರು ಕಾಗದ ಸುಡಲಿಲ್ಲ, ಮನೆ ಕೆಡವಲಿಲ್ಲ. 1994ರಲ್ಲಿ ಅಲ್ಲಿ ರಾಷ್ಟ್ರೀಯ ಕ್ಷಾಮ ಮ್ಯೂಸಿಯಂ ತೆರೆಯಿತು. ಮೇಜರ್ ಡೆನಿಸ್ ಮಾನ್ ಎಂಬ ಆ ಧಣಿ 1847ರಲ್ಲಿ 1,490 ಗೇಣಿದಾರರನ್ನು ಕೆನಡಾಕ್ಕೆ ಸಾಗಹಾಕಿದ್ದ. ಇಟ್ಟುಕೊಂಡು ಸಾಕುವುದಕ್ಕಿಂತ ಟಿಕೆಟ್ ಕೊಟ್ಟು ಕಳಿಸುವುದು ಅಗ್ಗ ಎಂದು ಅವನ ಏಜೆಂಟ್ ಲೆಕ್ಕ ಹಾಕಿದ್ದ. ಅವರನ್ನು ಹೊತ್ತ ಹಡಗುಗಳಲ್ಲಿ ‘ವರ್ಜಿನಿಯಸ್’ ಒಂದು. ಹತ್ತಿದವರು 476. ಗ್ರೋಸ್ ಈಲ್ ಮುಟ್ಟುವ ಹೊತ್ತಿಗೆ 158 ಮಂದಿ ಸತ್ತಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಧಣಿಯೂ ಗುಂಡೇಟಿಗೆ ಸತ್ತ.

ಆ 1,490 ಜನ ಕಾಲುವೆಯ ದಂಡೆ ಹಿಡಿದು ಡಬ್ಲಿನ್ನಿಗೆ ನಡೆದ 165 ಕಿಲೋಮೀಟರ್ ದಾರಿಯನ್ನು ಈಗ ‘ಕ್ಷಾಮದ ದಾರಿ’ ಎಂದು ಗುರುತಿಸಿದ್ದಾರೆ. ದಾರಿಯುದ್ದಕ್ಕೂ ಅಲ್ಲಲ್ಲಿ ಕಂಚಿನಲ್ಲಿ ಎರಕ ಹೊಯ್ದ ಒಂದು ಜೊತೆ ಮಕ್ಕಳ ಬೂಟು. ಆ ಕಾಲದ ಗುಡಿಸಲೊಂದರ ಹುಲ್ಲಿನ ಸೂರಿನಲ್ಲಿ, ಒಂದಕ್ಕೊಂದು ಕಟ್ಟಿ ಸಿಕ್ಕಿಸಿಟ್ಟ ಪುಟ್ಟ ಬೂಟುಗಳು ಸಿಕ್ಕಿದ್ದವು. ಎರಕ ಅವುಗಳದೇ. ಬಾಸ್ಟನ್ನಿನ ಜೋಡಿ ಶಿಲ್ಪ ಮಾಡಲಾರದ ಕೆಲಸವನ್ನು ಈ ಬೂಟುಗಳು ಮಾಡುತ್ತವೆ.

ಡಬ್ಲಿನ್ನಿನ ಹಡಗಿಗೆ ಮರಳಿದರೆ ಅಲ್ಲೊಂದು ಸಣ್ಣ ಸೋಜಿಗವಿದೆ. ಕ್ಷಾಮಕಾಲದ ಹಡಗುಗಳನ್ನು ‘ಶವಪೆಟ್ಟಿಗೆ ಹಡಗು’ ಎಂದು ಕರೆಯುವುದು ಐರಿಷ್ ಜನರ ಬಾಯಲ್ಲಿ ರೂಢಿ. ಆದರೆ ಮೂಲ ‘ಜೀನಿ ಜಾನ್‌ಸ್ಟನ್’ 1848ರಿಂದ 1855ರವರೆಗೆ 16 ಸಲ ಅಟ್ಲಾಂಟಿಕ್ ದಾಟಿತು, ಒಬ್ಬ ಪ್ರಯಾಣಿಕನೂ ಹಡಗಿನಲ್ಲಿ ಸಾಯಲಿಲ್ಲ. ಒಳ್ಳೆಯ ಕಪ್ತಾನ, ಒಳ್ಳೆಯ ವೈದ್ಯ. ಯಾರೂ ಸಾಯದ ಹಡಗೇ ಸಾವಿನ ಪಯಣದ ಪ್ರತಿನಿಧಿಯಾಗಿ ನಿಂತಿದೆ. ಟಿಕೆಟ್ ಕೊಂಡು ಹತ್ತುವವರಿಗೆ ಇದು ಅನುಕೂಲವೂ ಹೌದು. ಹೆದರಿಕೆ ಹಿಡಿಸುವಷ್ಟು ಇರುತ್ತದೆ, ಕಥೆ ಸುಖಾಂತ್ಯ.

ಸುಖಾಂತ್ಯದ ಆಸೆ ಸ್ಮಾರಕಗಳನ್ನು ಎಲ್ಲಿಯವರೆಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಆ್ಯನಿ ಮೂರ್ ಸಾಕ್ಷಿ. ಕಾರ್ಕ್ ಸೀಮೆಯ ಈ ಹುಡುಗಿ 1891ರ ಡಿಸೆಂಬರ್ 20ರಂದು ಕೋವ್ ಬಂದರಿನಿಂದ, ಆಗಿನ ಹೆಸರಲ್ಲಿ ಕ್ವೀನ್ಸ್‌ಟೌನಿನಿಂದ, ಇಬ್ಬರು ತಮ್ಮಂದಿರೊಡನೆ ‘ನೆವಾಡಾ’ ಹಡಗು ಹತ್ತಿದಳು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ವಲಸೆ ಕೇಂದ್ರದ ಬಾಗಿಲು ತೆರೆದಾಗ ಮೊದಲು ಒಳಗೆ ಕಾಲಿಟ್ಟವಳು ಅವಳೇ. ಅಧಿಕಾರಿಗಳು ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. 1993ರಲ್ಲಿ ಎರಡೂ ದಡಗಳಲ್ಲಿ ಅವಳ ಪ್ರತಿಮೆ ನಿಂತಿತು: ಕೋವ್‌ನಲ್ಲಿ ತಮ್ಮಂದಿರ ಜೊತೆ, ಎಲ್ಲಿಸ್ ಐಲೆಂಡಿನಲ್ಲಿ ಒಂಟಿಯಾಗಿ. ಆಕೆ ಅಮೆರಿಕದ ಪಶ್ಚಿಮಕ್ಕೆ ಹೋಗಿ, ಟೆಕ್ಸಸ್‌ನಲ್ಲಿ ಸಂಸಾರ ಹೂಡಿ, 1923ರಲ್ಲಿ ವಾಹನ ಡಿಕ್ಕಿ ಹೊಡೆದು ತೀರಿಕೊಂಡಳು ಎಂದು ಎಲ್ಲರೂ ನಂಬಿದ್ದರು. ಆ ಮನೆತನದವರನ್ನು ಕರೆದು ಸನ್ಮಾನವನ್ನೂ ಮಾಡಿದ್ದರು.

ಅದು ಬೇರೆಯೇ ಆ್ಯನಿ ಮೂರ್! ವಂಶಾವಳಿ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ 2006ರಲ್ಲಿ ದಾಖಲೆ ಜಾಲಾಡಿ ಅಸಲಿ ಆ್ಯನಿಯನ್ನು ಹುಡುಕಿದರು. ಅವಳು ನ್ಯೂಯಾರ್ಕ್ ಬಿಟ್ಟು ಎಲ್ಲಿಗೂ ಹೋಗಿರಲೇ ಇಲ್ಲ. ಹಡಗಿನಿಂದ ಇಳಿದ ಕೆಲವೇ ಮೈಲಿ ದೂರದ ಲೋವರ್ ಈಸ್ಟ್ ಸೈಡಿನ ಇಕ್ಕಟ್ಟಾದ ಬಾಡಿಗೆ ಮನೆಗಳಲ್ಲಿ ಬದುಕು ಸವೆಸಿದ್ದಳು. ಜರ್ಮನ್ ಮೂಲದ ಬೇಕರಿಯವನ ಮಗನನ್ನು ಮದುವೆಯಾಗಿ ಹತ್ತು ಹನ್ನೊಂದು ಮಕ್ಕಳನ್ನು ಹೆತ್ತಳು. ಅವರಲ್ಲಿ ಹಲವರು ಎಳವೆಯಲ್ಲೇ ಹೋದರು. 1924ರಲ್ಲಿ, ಐವತ್ತರ ಆಸುಪಾಸಿನಲ್ಲಿ, ಹೃದಯ ನಿಂತು ಸತ್ತಳು. ಕ್ವೀನ್ಸ್‌ನ ಸ್ಮಶಾನದಲ್ಲಿ ಅವಳ ಗೋರಿಗೆ 2008ರವರೆಗೆ ಒಂದು ಕಲ್ಲೂ ಇರಲಿಲ್ಲ. ಎರಡು ದೇಶಗಳಲ್ಲಿ ಪ್ರತಿಮೆಯಾದ ಹುಡುಗಿ ಅನಾಮಿಕ ಮಣ್ಣಿನಡಿ ಮಲಗಿದ್ದಳು.

ಬಹುಪಾಲು ವಲಸಿಗರ ಕಥೆ ಟೆಕ್ಸಸ್‌ನದಲ್ಲ, ಲೋವರ್ ಈಸ್ಟ್ ಸೈಡಿನದೇ. ಆದರೆ ಮ್ಯೂಸಿಯಂಗಳಿಗೆ ಅದರಿಂದ ಕೆಲಸವಾಗುವುದಿಲ್ಲ. 2016ರಲ್ಲಿ ಬಾಗಿಲು ತೆರೆದ ‘ಎಪಿಕ್’ ಕೋಕಾಕೋಲಾ ಕಂಪನಿಯ ಮಾಜಿ ಮುಖ್ಯಸ್ಥ ನೆವಿಲ್ ಇಸ್ಡೆಲ್ ಅವರ ಹಣದಲ್ಲಿ ಎದ್ದದ್ದು. ಇಪ್ಪತ್ತು ಕೋಣೆಗಳು, ಪರದೆಗಳು, ಶಬ್ದ, ಬೆಳಕು. ಹಳೆಯ ವಸ್ತುಗಳು ಕಡಿಮೆ. ಬಂದವರ ಕೈಗೆ ಒಂದು ಪಾಸ್‌ಪೋರ್ಟು ಕೊಡುತ್ತಾರೆ, ಕೋಣೆಯಿಂದ ಕೋಣೆಗೆ ಅದಕ್ಕೆ ಮುದ್ರೆ ಒತ್ತಿಕೊಳ್ಳುತ್ತ ಹೋಗಬೇಕು. ಮಕ್ಕಳಿಗೆ ಖುಷಿಯೋ ಖುಷಿ. ಹೋದವರು ಯಾಕೆ ಹೋದರು ಎಂಬುದನ್ನು ಅದು ಮುಚ್ಚಿಡುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೂ ಒಳಗಿನ ಒಟ್ಟು ಓಟ ಸಾಧಕರ ಕಡೆಗೇ: ಅಧ್ಯಕ್ಷರು, ವಿಜ್ಞಾನಿಗಳು, ಹಾಡುಗಾರರು, ಲೇಖಕರು. ಯುರೋಪಿನ ಅತ್ಯುತ್ತಮ ಪ್ರವಾಸಿ ಆಕರ್ಷಣೆ ಎಂಬ ಪ್ರಶಸ್ತಿ ಮೂರು ಸಲ ಬಂದಿದೆ. ವಲಸೆ ‘ಆಕರ್ಷಣೆ’ಯಾದ ಪರಿ ಇದು. 2013ರ ವರ್ಷಕ್ಕೆಂದು ಸರ್ಕಾರವೇ ‘ಗ್ಯಾದರಿಂಗ್’ ಎಂಬ ಹೆಸರಲ್ಲಿ ವಿದೇಶದ ಐರಿಷರನ್ನೆಲ್ಲ ತವರಿಗೆ ಕರೆದಾಗ, ನಟ ಗೇಬ್ರಿಯಲ್ ಬರ್ನ್ ಇದು ವಲಸಿಗರ ಜೇಬಿಗೆ ಕೈ ಹಾಕುವ ಹುನ್ನಾರ ಎಂದು ಗುಡುಗಿದ್ದರು.

ಹಣ ಕೊಡುವವರು ಕೈ ಎತ್ತಿದರೆ ನೆನಪಿಗೂ ಬೀಗ ಬೀಳುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ವಿಶ್ವವಿದ್ಯಾಲಯವೊಂದು 2012ರಲ್ಲಿ ತೆರೆದ ಐರಿಷ್ ಕ್ಷಾಮದ ಕಲಾ ಮ್ಯೂಸಿಯಂ, ತನ್ನ ಖರ್ಚನ್ನು ತಾನೇ ದುಡಿಯುತ್ತಿಲ್ಲ ಎಂಬ ಕಾರಣಕ್ಕೆ ಹತ್ತು ವರ್ಷವೂ ತುಂಬದೆ ಮುಚ್ಚಿತು.

ಹೋದವರ ಗುರುತು ಕಂಚಿನಲ್ಲೇ ಉಳಿಯಬೇಕೆಂದೇನೂ ಇಲ್ಲ. 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್ ಎಂಬ ಕವಿ 1915ರಲ್ಲಿ ಹೆಂಡತಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದು ಮದನಪಲ್ಲಿಯಲ್ಲಿ ನೆಲೆ ನಿಂತರು. ಮಾರ್ಗರೆಟ್ ರಾಸ್‌ಕಾಮನ್ ಕೌಂಟಿಯವರು, ಸ್ಟ್ರೋಕ್ಸ್‌ಟೌನಿನ ಸೀಮೆಯವರೇ. ‘ಜನಗಣಮನ’ಕ್ಕೆ ಸ್ವರಲಿಪಿ ಹಾಕಿದವರಲ್ಲಿ ಅವರೂ ಒಬ್ಬರು. 1924ರಲ್ಲಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷ್ ಕವಿತೆಗಳ ಕಟ್ಟು ಹಿಡಿದು ಬಂದ ಮಲೆನಾಡಿನ ಹುಡುಗನೊಬ್ಬನಿಗೆ ನಿನ್ನ ತಾಯ್ನುಡಿಯಲ್ಲಿ ಬರೆ ಎಂದರು. ಆ ಹುಡುಗ ಕುವೆಂಪು. ಇಂಗ್ಲಿಷಿನಿಂದ ಐರಿಷ್ ಭಾಷೆಗೆ ಆದದ್ದನ್ನು ಕಣ್ಣಾರೆ ಕಂಡ ನಾಡಿನವರಾದ್ದರಿಂದಲೇ ಆ ಮಾತು ಬಂತೇನೋ. ವಲಸೆ ಬಂದ ಐರಿಷ್‌ಮನ್ ಒಬ್ಬನ ನೆನಪಿಗೆ ಕನ್ನಡದಲ್ಲಿ ಅಷ್ಟು ಜಾಗ ಸಿಕ್ಕಿದೆ, ಒಂದು ಟಿಕೆಟ್ಟೂ ಇಲ್ಲದೆ.

ಇನ್ನು ಫೆರಿ ಹತ್ತಿದವರು.

1951ರಿಂದ 1961ರವರೆಗಿನ ಹತ್ತು ವರ್ಷಗಳಲ್ಲಿ ಸ್ವತಂತ್ರ ಐರ್ಲೆಂಡ್ ನಿವ್ವಳ ಲೆಕ್ಕದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. 1961ರಲ್ಲಿ ಅದರ ಜನಸಂಖ್ಯೆ 28 ಲಕ್ಷಕ್ಕೆ ಇಳಿಯಿತು, ಹಿಂದೆಂದೂ ಇಲ್ಲದಷ್ಟು ಕೆಳಗೆ. ಬಹುಪಾಲು ಹೋದದ್ದು ಬ್ರಿಟನ್ನಿಗೆ. ಯುದ್ಧದಲ್ಲಿ ಮುರಿದುಬಿದ್ದ ಆ ದೇಶದ ರಸ್ತೆ, ಸುರಂಗ, ವಿದ್ಯುತ್ ಕೇಂದ್ರಗಳನ್ನು ಕಟ್ಟಿದ ಗಂಡಸರು, ಆಸ್ಪತ್ರೆಗಳ ವಾರ್ಡ್ ಕಾದ ದಾದಿಯರು ಅವರೇ. ವಾರ ವಾರ ಮನೆಗೆ ಅವರು ಕಳಿಸಿದ ಮನಿಯಾರ್ಡರಿನಿಂದ ಪಶ್ಚಿಮ ಐರ್ಲೆಂಡಿನ ಎಷ್ಟೋ ಮನೆಗಳ ಒಲೆ ಉರಿಯಿತು. ಅವರಲ್ಲಿ ಅನೇಕ ಗಂಡಸರು ಮದುವೆಯಾಗದೆ, ವಿಮೆ ಇಲ್ಲದೆ, ಪಬ್ಬಿನಲ್ಲಿ ಕೂಲಿ ಎಣಿಸಿಕೊಳ್ಳುತ್ತ ಮುದುಕರಾದರು. ಊರಿಗೆ ಮರಳಲು ಮುಖವಿಲ್ಲದೆ ಲಂಡನ್ನಿನ ಒಂಟಿ ಕೋಣೆಗಳಲ್ಲಿ ಸತ್ತರು. ಐರಿಷ್ ಸರ್ಕಾರ ಇಂಥವರ ಆರೈಕೆಗೆ ನೆರವಿನ ಯೋಜನೆಯನ್ನು ಗಟ್ಟಿಯಾಗಿ ಶುರು ಮಾಡಿದ್ದು 2004ರಲ್ಲಿ.

ಇವರಿಗೆ ಕಸ್ಟಮ್ ಹೌಸ್ ಧಕ್ಕೆಯ ಘನತೆ ಯಾಕೆ ಸಿಗಲಿಲ್ಲ ಎಂದು ಕೇಳಿದರೆ ಉತ್ತರ ಮುಜುಗರದ್ದು. 1847ರ ವಲಸೆಗೆ ಲಂಡನ್ನಿನತ್ತ ಬೆರಳು ತೋರಿಸಬಹುದು, ಆ ಬೆರಳಿಗೆ ಇತಿಹಾಸದ ಬೆಂಬಲವೂ ಇದೆ. 1957ರ ವಲಸೆಗೆ ಡಬ್ಲಿನ್ ಬಿಟ್ಟು ಬೇರೆಡೆಗೆ ತೋರಿಸಲಾಗದು. ಸ್ವಂತ ಧ್ವಜ, ಸ್ವಂತ ಪಾರ್ಲಿಮೆಂಟು, ಸ್ವಂತ ಪಾದ್ರಿಗಳು ಇದ್ದೂ ಮಕ್ಕಳಿಗೆ ಕೆಲಸ ಕೊಡಲಾಗದ ದೇಶ ಅದು. ಮೇಲಾಗಿ ಅವರು ಹೋದದ್ದು ‘ಶತ್ರು’ವಿನ ಮನೆಗೇ, ಒಂದು ರಾತ್ರಿಯ ಪ್ರಯಾಣದ ದೂರಕ್ಕೆ. ಅದರಲ್ಲಿ ಮಹಾಸಾಗರವಿಲ್ಲ, ಕೂವೆಮರವಿಲ್ಲ, ಕೊನೆಯಲ್ಲಿ ಅಮೆರಿಕದ ಅಧ್ಯಕ್ಷನಾಗುವ ಕೆನಡಿಯೂ ಇಲ್ಲ.

ಇಂಥ ವಲಸೆಯ ನೆನಪು ಬೇಕಿದ್ದರೆ ರಾಜಧಾನಿ ಬಿಟ್ಟು ಪಶ್ಚಿಮದ ಅಕಿಲ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಹುಡುಗ ಹುಡುಗಿಯರು ಪ್ರತಿ ವರ್ಷ ಸ್ಕಾಟ್ಲೆಂಡಿಗೆ ಆಲೂಗೆಡ್ಡೆ ಕೀಳುವ ಕೂಲಿಗೆ ಹೋಗುತ್ತಿದ್ದರು. 1894ರ ಜೂನ್‌ನಲ್ಲಿ ಹಡಗಿನತ್ತ ಹೊರಟಿದ್ದ ದೋಣಿ ಮಗುಚಿ 32 ಮಂದಿ ಮುಳುಗಿದರು. ಆಗಷ್ಟೇ ಹಾಕುತ್ತಿದ್ದ ರೈಲು ಹಳಿಯ ಮೇಲೆ ಅಕಿಲ್ ಕಡೆಗೆ ಬಂದ ಮೊದಲ ಗಾಡಿ ಆ ಹೆಣಗಳನ್ನು ಹೊತ್ತು ತಂದಿತು. 1937ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಕರ್ಕಿನ್‌ಟಿಲಕ್‌ನಲ್ಲಿ ಕೂಲಿಗಳು ಮಲಗಿದ್ದ ಕೊಟ್ಟಿಗೆಗೆ ಬೆಂಕಿ ಬಿದ್ದು ಅಕಿಲ್‌ನ ಹತ್ತು ಹುಡುಗರು ಸುಟ್ಟುಹೋದರು. ಮುಚ್ಚುವ ಹಂತದಲ್ಲಿದ್ದ ಅದೇ ರೈಲು ಮಾರ್ಗದ ಕೊನೆಕೊನೆಯ ಗಾಡಿಗಳಲ್ಲೊಂದು ಆ ಹತ್ತು ಪೆಟ್ಟಿಗೆಗಳನ್ನು ತಂದಿಳಿಸಿತು. ಕಬ್ಬಿಣದ ಗಾಲಿಯ ಬಂಡಿ ಮೊದಲ ಸಲವೂ ಕೊನೆಯ ಸಲವೂ ಹೆಣ ತರುತ್ತದೆ ಎಂದು ಹಿಂದೆ ಯಾರೋ ಕಾಲಜ್ಞಾನ ನುಡಿದಿದ್ದರಂತೆ ಎಂದು ಅಲ್ಲಿನವರು ಹೇಳುತ್ತಾರೆ. ಎರಡೂ ದುರಂತಗಳ ಹೆಣಗಳು ಕಿಲ್‌ಡಾವ್ನೆಟ್ ಎಂಬಲ್ಲಿನ ಕಡಲಂಚಿನ ಸ್ಮಶಾನದಲ್ಲಿ ಹತ್ತಿರ ಹತ್ತಿರವೇ ಮಣ್ಣಾಗಿವೆ. ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಯಂತ್ರವಿಲ್ಲ.

ಫೆರಿ ಹತ್ತಿದವರಲ್ಲಿ ಇನ್ನೂ ಒಂದು ಗುಂಪಿತ್ತು, ಅದರ ಸುದ್ದಿಯನ್ನು ಮನೆಯವರೂ ಎತ್ತುತ್ತಿರಲಿಲ್ಲ: ಮದುವೆಗೆ ಮುಂಚೆ ಬಸುರಾಗಿ ಇಂಗ್ಲೆಂಡಿಗೆ ಓಡಿಹೋದ ಹುಡುಗಿಯರು. ‘ಐರ್ಲೆಂಡಿನಿಂದ ಬಂದ ಬಸುರಿ’ ಎಂಬುದಕ್ಕೆ ಇಂಗ್ಲೆಂಡಿನ ಸಮಾಜ ಕಾರ್ಯಕರ್ತರು ಮೂರಕ್ಷರದ ಸಂಕೇತವನ್ನೇ ಮಾಡಿಕೊಂಡಿದ್ದರು, ಅಷ್ಟು ಮಂದಿ ಬರುತ್ತಿದ್ದರು. ಮುಂದೆ ಗರ್ಭಪಾತಕ್ಕಾಗಿ ಕಡಲು ದಾಟಿದವರು. 1980ರಿಂದ 2016ರ ನಡುವೆ ಬ್ರಿಟನ್ನಿನ ಕ್ಲಿನಿಕ್ಕುಗಳಲ್ಲಿ ಐರ್ಲೆಂಡಿನ ವಿಳಾಸ ಬರೆಸಿದವರೇ 1.6 ಲಕ್ಷಕ್ಕೂ ಹೆಚ್ಚು. ಕ್ಷಾಮಕಾಲದ ಹುಡುಗಿಯರಿಗಾದರೂ ಸ್ಮಾರಕವುಂಟು: ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸಿನ ಗೋಡೆಗೆ 1999ರಲ್ಲಿ ಅಡ್ಡಲಾಗಿ ಕೂರಿಸಿದ ಮೇಜು, ಖಾಲಿ ಬಟ್ಟಲು, ಗಾಜಿನ ಮೇಲೆ ಮಾಸುತ್ತ ಹೋಗುವ ಹೆಸರುಗಳು, 1848ರಿಂದ 1850ರವರೆಗೆ ಐರ್ಲೆಂಡಿನ ‘ವರ್ಕ್‌ಹೌಸ್’ ಎಂಬ ಬಡವರ ದುಡಿಮೆ ಮನೆಗಳಿಂದ ಆಸ್ಟ್ರೇಲಿಯಾಕ್ಕೆ ಸಾಗಿಸಿದ 4,000ಕ್ಕೂ ಹೆಚ್ಚು ಅನಾಥ ಹುಡುಗಿಯರನ್ನು ನೆನೆಯುತ್ತವೆ. ಬ್ರಿಟನ್ನಿನ ಹೋಲಿಹೆಡ್ ಬಂದರಿಗೆ ಫೆರಿ ಹತ್ತಿದ ಹುಡುಗಿಯರ ಪಾಲಿಗೆ ಅಂಥ ಬಟ್ಟಲು ಯಾರೂ ಇಡಲಿಲ್ಲ.

ಕೊನೆಗೆ ಅವರಿಗೊಂದು ಮುಖ ಸಿಕ್ಕಿದ್ದು ಬೆಳಗಾವಿಯಿಂದ. ಸವಿತಾ ಹಾಲಪ್ಪನವರ್ ಐರ್ಲೆಂಡಿಗೆ ಹೋಗಿ ನೆಲೆಸಿದ ದಂತವೈದ್ಯೆ. ವಲಸೆಯ ದಿಕ್ಕು ಆ ಹೊತ್ತಿಗೆ ತಿರುಗಿತ್ತು, ಜನರನ್ನು ಕಳಿಸುವ ದೇಶ ಕರೆಸಿಕೊಳ್ಳುವ ದೇಶವಾಗಿತ್ತು. 2012ರ ಅಕ್ಟೋಬರಿನಲ್ಲಿ, 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ ಗಾಲ್ವೇ ನಗರದಲ್ಲಿ ಆಕೆಗೆ ಗರ್ಭಪಾತ ನಿರಾಕರಿಸಲಾಯಿತು. ನಂಜೇರಿ ಅಕ್ಟೋಬರ್ 28ರಂದು ಸತ್ತರು. ವಯಸ್ಸು 31. ಐರಿಷ್ ಹುಡುಗಿಯರಿಗೆ ಗೊತ್ತಿದ್ದ ದಾರಿ, ರಾತ್ರಿ ಫೆರಿ ಇಲ್ಲವೇ ಅಗ್ಗದ ವಿಮಾನ, ಆಸ್ಪತ್ರೆಯ ಹಾಸಿಗೆಯಲ್ಲಿ ಸಿಕ್ಕಿಬಿದ್ದ ಆಕೆಗೆ ಇರಲಿಲ್ಲ.

2018ರ ಮೇ 25ರಂದು ಗರ್ಭಪಾತಕ್ಕೆ ಸಂವಿಧಾನದಲ್ಲಿದ್ದ ನಿಷೇಧವನ್ನು ತೆಗೆಯುವ ಜನಮತ ನಡೆದಾಗ, ಲಂಡನ್ನಿನಿಂದ, ಇನ್ನೂ ದೂರದಿಂದ, ಯುವ ವಲಸಿಗರು ಸೂಟ್‌ಕೇಸ್ ಎಳೆದುಕೊಂಡು ಮತ ಹಾಕಲು ಊರಿಗೆ ಬಂದರು. ದೇಶ ಬಿಟ್ಟು 18 ತಿಂಗಳು ದಾಟಿದವರಿಗೆ ಐರ್ಲೆಂಡ್ ಮತದ ಹಕ್ಕು ಕೊಡುವುದಿಲ್ಲ. ಕಿಟಕಿಯಲ್ಲಿ ದೀಪ ಉಂಟು, ಪಟ್ಟಿಯಲ್ಲಿ ಹೆಸರಿಲ್ಲ. ಹಾಗಾಗಿ ಬಂದವರೆಲ್ಲ ಈಚೆಗೆ ಹೋದವರೇ. ಡಬ್ಲಿನ್ನಿನ ಪೋರ್ಟೊಬೆಲ್ಲೊ ಬಡಾವಣೆಯ ಗೋಡೆಯೊಂದರ ಮೇಲೆ ಬೀದಿ ಕಲಾವಿದನೊಬ್ಬ ಸವಿತಾ ಅವರ ನಗುಮುಖವನ್ನು ದೊಡ್ಡದಾಗಿ ಬರೆದಿದ್ದ. ಶೇಕಡ 66.4ರಷ್ಟು ಮತ ನಿಷೇಧ ತೆಗೆಯುವ ಪರವಾಗಿ ಬಿದ್ದ ದಿನ ಜನ ಆ ಗೋಡೆಯ ಮುಂದೆ ಸಾಲುಗಟ್ಟಿದರು. ಅಂಟು ಚೀಟಿಗಳ ಮೇಲೆ ಕ್ಷಮೆ ಕೇಳಿದರು, ವಂದನೆ ಬರೆದರು, ತಾವು ಯಾವಾಗ ಕಡಲು ದಾಟಿ ಹೋಗಿದ್ದೆವು ಎಂದೂ ಕೆಲವರು ಬರೆದರು. ಹೂವು, ಮೇಣದ ಬತ್ತಿ, ನೂರಾರು ಚೀಟಿ. ಮಳೆಯ ಊರು, ಅಂಟು ಎಷ್ಟು ದಿನ ಹಿಡಿದೀತು? ಡಬ್ಲಿನ್ ನಗರ ಗ್ರಂಥಾಲಯದ ಪತ್ರಾಗಾರದವರು ಆ ಚೀಟಿಗಳನ್ನು ಗೋಡೆಯಿಂದ ಬಿಡಿಸಿ ಒಯ್ದು ಜೋಪಾನ ಮಾಡಿಟ್ಟಿದ್ದಾರೆ.